ಸೋಗು ಎಂದು ಗೊತ್ತಾದ ಮೇಲೆ ಏನು ಮಾಡುತ್ತೀರಿ? ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಉತ್ತರ ಕನ್ನಡದ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ, ಮತ್ತು ನಮ್ಮ ಜಿಲ್ಲೆಯ ಡಾಕ್ಟರು, ನರ್ಸುಗಳೆಲ್ಲರಿಗೆ,

ನಮಸ್ಕಾರ.

ನಾನು ಕುಮಟಾ ಕಡೆಯವನು. ಸಣ್ಣ ಔಷಧಿ ಅಂಗಡಿ ಇದೆ. ಈ ಪತ್ರ ನನ್ನ ತಂಗಿಯ ಬಗ್ಗೆ, ಬೇಕೆಂದೇ ಕಾಯಿಲೆ ತಂದುಕೊಳ್ಳುವ ಅವಳ ಮಾನಸಿಕ ಕಾಯಿಲೆಯ ಬಗ್ಗೆ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. "ಹೆಸರು ಹಾಕಬೇಡ ಅಣ್ಣಾ, ಬಾಕಿ ಎಲ್ಲ ಬರಿ" ಎಂದಿದ್ದಾಳೆ.

ಅವಳು ತಾನೇ ಇನ್ಸುಲಿನ್ ಚುಚ್ಚಿಕೊಂಡು ಎಚ್ಚರ ತಪ್ಪಿ ಬೀಳುತ್ತಿದ್ದಳು. ಅವಳಿಗೆ ಸಕ್ಕರೆ ಕಾಯಿಲೆ ಇಲ್ಲ. ಇನ್ಸುಲಿನ್ ನಮ್ಮ ಅಪ್ಪನದು. ಅಪ್ಪನಿಗೆ ದಿನಾ ಚುಚ್ಚುತ್ತಿದ್ದವಳೂ ಅವಳೇ. ಬಾಟಲಿ ತಿಂಗಳು ತುಂಬುವ ಮೊದಲೇ ಖಾಲಿಯಾಗುತ್ತಿತ್ತು. ಕೇಳಿದರೆ, ಕರೆಂಟು ಹೋಗಿ ಫ್ರಿಜ್ಜು ಬಿಸಿಯಾಗಿತ್ತು, ಹಾಳಾಗಿರಬಹುದು ಎಂದು ಚೆಲ್ಲಿದೆ ಎನ್ನುತ್ತಿದ್ದಳು, ಮಳೆಗಾಲದಲ್ಲಿ ನಮ್ಮ ಕಡೆ ಎರಡು ಮೂರು ದಿನ ಕರೆಂಟು ಇಲ್ಲದಿರುವುದು ಹೊಸ ಮಾತೇನಲ್ಲ, ಹಾಗಾಗಿ ನಾನು ನಂಬಿ ಅಂಗಡಿಯಿಂದ ಇನ್ನೊಂದು ಬಾಟಲಿ ತಂದಿಡುತ್ತಿದ್ದೆ. ಒಂದೂವರೆ ವರ್ಷ ಹೀಗೇ ನಡೆಯಿತು. ಔಷಧಿ ಮಾರುವವನಿಗೇ ಗೊತ್ತಾಗಲಿಲ್ಲ.

ಮೊದಲ ಸಲ ಬಿದ್ದದ್ದು ಆಯಿ, ಅಂದರೆ ನಮ್ಮ ಅಮ್ಮ, ತೀರಿಕೊಂಡ ವರ್ಷದ ದೀಪಾವಳಿ ಹೊತ್ತಿಗೆ. ಬೆಳಗಿನ ಜಾವ, ಬಚ್ಚಲಿನಲ್ಲಿ. ಮೈಯೆಲ್ಲ ತಣ್ಣನೆ ಬೆವರು, ಮಾತು ತೊದಲುತ್ತಿತ್ತು, ನನ್ನ ಗುರುತು ಹತ್ತಲಿಲ್ಲ. ಗ್ಲುಕೋಮೀಟರ್ ಹಚ್ಚಿ ನೋಡಿದೆ. 38 ತೋರಿಸಿತು. ಆ ಸಂಖ್ಯೆ ಇವತ್ತಿಗೂ ನನ್ನ ಕಣ್ಣೆದುರು ಇದೆ. ಕಾಯಿಲೆ ಸುಳ್ಳಿರಬಹುದು, 38 ಸುಳ್ಳಲ್ಲ. ಸಕ್ಕರೆ ಅಷ್ಟು ಇಳಿದು ಹೊತ್ತಾದರೆ ಮಿದುಳಿಗೆ ಏಟು ಬೀಳುತ್ತದೆ, ಜೀವವೂ ಹೋಗುತ್ತದೆ. "ಎಂತದೂ ಇಲ್ಲ ಅದಕ್ಕೆ, ನಾಟಕ" ಎಂದು ಆಮೇಲೆ ಹೇಳಿದವರಿಗೆಲ್ಲ ನಾನು ಇದನ್ನೇ ಹೇಳಿದ್ದೇನೆ.

ಅಲ್ಲಿಂದ ಶುರುವಾಯಿತು ಆಸ್ಪತ್ರೆಯ ಓಡಾಟ. ನಮ್ಮ ಜಿಲ್ಲೆಯವರ ಪಾಡು ನಿಮಗೆ ಗೊತ್ತೇ ಇದೆ. ಸ್ವಲ್ಪ ದೊಡ್ಡ ಕಾಯಿಲೆ ಎಂದರೆ ದಕ್ಷಿಣಕ್ಕೆ ಮಣಿಪಾಲ, ಮಂಗಳೂರು, ಪೂರ್ವಕ್ಕೆ ಹುಬ್ಬಳ್ಳಿ, ಉತ್ತರಕ್ಕೆ ಗೋವಾ. ನಾವು ಜಿಲ್ಲೆಯ ಒಳಗೆ ಎರಡು, ಹೊರಗೆ ಮೂರು ಆಸ್ಪತ್ರೆ ನೋಡಿದೆವು. ಯಾವುದರ ಹೆಸರನ್ನೂ ಹೇಳುವುದಿಲ್ಲ, ಹೇಳಿ ಆಗಬೇಕಾದ್ದು ಏನೂ ಇಲ್ಲ. ಒಂದು ಕಡೆಯ ಕಾಗದ ಇನ್ನೊಂದು ಕಡೆಗೆ ಹೋಗುತ್ತಿರಲಿಲ್ಲ. ಎಲ್ಲ ಕಡೆ ಮೊದಲಿಂದ ಕಥೆ, ಮೊದಲಿಂದ ರಕ್ತ, ಮೊದಲಿಂದ ಸ್ಕ್ಯಾನು. ಹಳೆ ಫೈಲ್ ಎಲ್ಲಿ ಎಂದರೆ ಮನೆಯಲ್ಲಿ ಮರೆತೆ ಎನ್ನುತ್ತಿದ್ದಳು. ಹಿಂದಿನ ಡಾಕ್ಟರಿಗೆ ಒಂದು ಫೋನ್ ಮಾಡೋಣವೇ ಎಂದರೆ ಅಳುತ್ತಿದ್ದಳು. ನಾಳೆ ಮನೆಗೆ ಹೋಗಬಹುದು ಎಂದು ಸಂಜೆ ಹೇಳಿದರೆ ರಾತ್ರಿ ಮತ್ತೆ ಸಕ್ಕರೆ ಇಳಿಯುತ್ತಿತ್ತು. ಇವೆಲ್ಲ ಈ ಕಾಯಿಲೆಯ ಗುರುತುಗಳೇ ಎಂದು ಈಗ ಗೊತ್ತು. ಆಗ ನಮಗೆ, ಪಾಪ ಎಷ್ಟು ಕಷ್ಟ ಪಡುತ್ತಿದ್ದಾಳೆ ಎಂದಷ್ಟೇ ಅನಿಸುತ್ತಿತ್ತು.

ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಸುರಿಸುವ ಸಣ್ಣ ಗಡ್ಡೆ ಇರಬಹುದು ಎಂಬ ಅನುಮಾನ ಬಂತು. ಇನ್ಸುಲಿನೋಮಾ ಎನ್ನುತ್ತಾರೆ. ಅದನ್ನು ಹುಡುಕಲು ಸ್ಕ್ಯಾನ್ ಮೇಲೆ ಸ್ಕ್ಯಾನು. ಕೊನೆಗೆ ಒಂದು ಆಸ್ಪತ್ರೆಯ ಕಿರಿಯ ಡಾಕ್ಟರೊಬ್ಬರು ಸಕ್ಕರೆ ಇಳಿದಿದ್ದ ಹೊತ್ತಿನಲ್ಲೇ ರಕ್ತ ತೆಗೆದು ಇನ್ಸುಲಿನ್ ಮತ್ತು ಸಿ-ಪೆಪ್ಟೈಡ್ ಎರಡನ್ನೂ ನೋಡಿದರು. ನಮ್ಮ ದೇಹ ಇನ್ಸುಲಿನ್ ತಯಾರಿಸುವಾಗ ಅದರ ಜೊತೆಗೇ ಸಿ-ಪೆಪ್ಟೈಡ್ ಕೂಡ ಬರುತ್ತದೆ. ಗಡ್ಡೆ ಇದ್ದರೆ ಎರಡೂ ಜಾಸ್ತಿ ಇರಬೇಕು. ಬಾಟಲಿಯ ಇನ್ಸುಲಿನ್ನಿನಲ್ಲಿ ಸಿ-ಪೆಪ್ಟೈಡ್ ಇರುವುದಿಲ್ಲ. ಅವಳ ರಿಪೋರ್ಟಿನಲ್ಲಿ ಇನ್ಸುಲಿನ್ ಆಕಾಶಕ್ಕೆ ಹೋಗಿತ್ತು, ಸಿ-ಪೆಪ್ಟೈಡ್ ನೆಲಕ್ಕೆ ಬಿದ್ದಿತ್ತು.

ಆ ಡಾಕ್ಟರಿಗೆ ನಾನು ಋಣಿ. ನಾನು ಈ ಪತ್ರ ಬರೆಯಲು ಕಾರಣ ಅದರ ಮರುದಿನ ನಡೆದದ್ದು.

ವಾರ್ಡಿನಲ್ಲಿ ಹನ್ನೆರಡು ಹಾಸಿಗೆ. ನೋಡಲು ಬಂದವರ ಹೊತ್ತು. ಹಿರಿಯ ಡಾಕ್ಟರು ಬಂದು ನಿಂತು, ಎಲ್ಲರಿಗೂ ಕೇಳುವ ಹಾಗೆ, "ಏನಮ್ಮ, ಎಷ್ಟು ದಿನ ಈ ನಾಟಕ? ನಿಜವಾದ ರೋಗಿಗಳಿಗೆ ಹಾಸಿಗೆ ಇಲ್ಲ ಇಲ್ಲಿ" ಎಂದರು. ನರ್ಸ್ ಒಬ್ಬರು ಅವಳ ಬ್ಯಾಗು ಸುರಿದರು. ಸಿರಿಂಜ್ ಬಿತ್ತು. ತಂಗಿ ಒಂದು ಮಾತೂ ಆಡಲಿಲ್ಲ, ಚಾದರ ಮುಖದ ಮೇಲೆ ಎಳೆದುಕೊಂಡಳು. ಒಂದು ಗಂಟೆಯೊಳಗೆ ಡಿಸ್ಚಾರ್ಜ್. ಮನೋವೈದ್ಯರ ಹೆಸರು ಯಾರೂ ಎತ್ತಲಿಲ್ಲ. ಎರಡು ದಿನಕ್ಕೆ ಅವಳ ಫೋಟೋ ಆಸ್ಪತ್ರೆ ಕೆಲಸದವರ ವಾಟ್ಸಾಪ್ ಗುಂಪಿನಲ್ಲಿ ಓಡಾಡಿತು, "ಹುಷಾರು" ಎಂದು ಬರೆದು. ನನಗೆ ಅದನ್ನು ಕಳಿಸಿದ್ದು ನಮ್ಮ ಅಂಗಡಿಗೆ ಔಷಧಿ ತರುವ ಹುಡುಗ. ಅವನಿಗೆ ಅವಳು ನನ್ನ ತಂಗಿ ಎಂದು ಗೊತ್ತಿರಲಿಲ್ಲ.

ಅಷ್ಟು ಮರ್ಯಾದೆ ತೆಗೆದ ಮೇಲೆ ಅವಳು ಬಿಟ್ಟಳೇ? ಇಲ್ಲ. ಎರಡು ತಿಂಗಳಿಗೆ ಇನ್ನೊಂದು ಊರಿನ ಆಸ್ಪತ್ರೆಯಿಂದ ನನಗೆ ಫೋನ್ ಬಂತು. ಒಬ್ಬಳೇ ಬಸ್ಸು ಹತ್ತಿ ಹೋಗಿದ್ದಳು. ಅಲ್ಲಿ ಅವಳ ಹಿಂದಿನ ಕಥೆ ಯಾರಿಗೂ ಗೊತ್ತಿಲ್ಲ, ಗಡ್ಡೆಯ ಆಪರೇಷನ್ನಿಗೆ ದಿನ ಗೊತ್ತು ಮಾಡಿದ್ದರು, ಸಹಿ ಹಾಕಲು ಮನೆಯವರು ಬೇಕೆಂದು ಫೋನ್ ಮಾಡಿದ್ದರು. ನಾನು ಹಳೆ ರಿಪೋರ್ಟ್ ಹಿಡಿದುಕೊಂಡು ರಾತ್ರೋರಾತ್ರಿ ಓಡಿದೆ. ಒಂದು ದಿನ ತಡವಾಗಿದ್ದರೆ ಆರೋಗ್ಯವಾಗಿರುವ ಗ್ರಂಥಿಯನ್ನು ಕೊಯ್ಯುತ್ತಿದ್ದರು. ಬೈದು ಓಡಿಸಿದವರಿಗೆ ಅವರ ವಾರ್ಡಿನ ಸಮಸ್ಯೆ ಮುಗಿದಿತ್ತು. ಸಮಸ್ಯೆ ಬಸ್ಸು ಹತ್ತಿ ಬೇರೆ ಊರಿಗೆ ಹೋಗಿತ್ತು ಅಷ್ಟೆ.

ಆಪರೇಷನ್ನಿಗೆ ದಿನ ಗೊತ್ತು ಮಾಡಿದ್ದ ಈ ಆಸ್ಪತ್ರೆಯವರು ಕೊಟ್ಟ ಕಾಗದದಲ್ಲಿ ಎಫ್ 68.1 ಎಂದು ಬರೆದಿತ್ತು. ರೋಗಗಳ ಅಂತಾರಾಷ್ಟ್ರೀಯ ಪಟ್ಟಿಯ ಹತ್ತನೇ ಆವೃತ್ತಿಯ ಸಂಕೇತ ಅದು. ಫ್ಯಾಕ್ಟಿಷಿಯಸ್ ಡಿಸಾರ್ಡರ್. ಬೇಕೆಂದೇ ಕಾಯಿಲೆ ತಂದುಕೊಳ್ಳುವ ಅಥವಾ ಕಾಯಿಲೆಯ ಸೋಗು ಹಾಕುವ ಮಾನಸಿಕ ಕಾಯಿಲೆ. ಅದೇ ಪಟ್ಟಿಯಲ್ಲಿ ಝೆಡ್ 76.5 ಎಂದು ಇನ್ನೊಂದು ಸಂಕೇತ ಇದೆ. ರಜೆಗೆ, ವಿಮೆ ದುಡ್ಡಿಗೆ, ಕೇಸು ತಪ್ಪಿಸಿಕೊಳ್ಳಲು ಕಾಯಿಲೆ ನಟಿಸುವವರಿಗೆ ಅದು. ಅದು ಕಾಯಿಲೆ ಅಲ್ಲ. ಎರಡಕ್ಕೂ ಬೇರೆ ಬೇರೆ ಸಂಕೇತ ಇಟ್ಟದ್ದು ಸುಮ್ನೆ ಅಲ್ಲ ಅಲ್ವಾ? ನನ್ನ ತಂಗಿಗೆ ಇದರಿಂದ ಏನು ಸಿಕ್ಕಿತು ಹೇಳಿ. ದುಡ್ಡು ಹೋಯಿತು, ಗಂಡನ ಮನೆ ದೂರವಾಯಿತು, ಕೈತುಂಬ ಸೂಜಿಯ ಕಲೆ ಉಳಿಯಿತು. ಅವಳಿಗೆ ಬೇಕಾಗಿದ್ದದ್ದು ರೋಗಿಯಾಗಿ ಇರುವುದೊಂದೇ. ಯಾರಾದರೂ ಹಾಸಿಗೆ ಪಕ್ಕ ಕೂತು ಹಣೆ ಮುಟ್ಟಿ ನೋಡುವುದು.

1951ರಲ್ಲಿ ಇಂಗ್ಲೆಂಡಿನ ರಿಚರ್ಡ್ ಆಶರ್ ಎಂಬ ಡಾಕ್ಟರು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇಂಥವರ ಬಗ್ಗೆ ಬರೆದರು. ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವವರು, ಹೊಟ್ಟೆ ತುಂಬ ಆಪರೇಷನ್ ಕಲೆ ಇರುವವರು. ಜಂಭದ ಸುಳ್ಳು ಕಥೆಗಳಿಗೆ ಹೆಸರಾದ ಮಂಚೌಸನ್ ಎಂಬ ಜರ್ಮನ್ ಶ್ರೀಮಂತನ ಹೆಸರನ್ನೇ ಇದಕ್ಕೆ ಇಟ್ಟರು. ಗುರುತಿಸಿದ್ದು ದೊಡ್ಡ ಕೆಲಸ. ಆದರೆ ಆ ಹೆಸರು ನನಗೆ ಹಿಡಿಸುವುದಿಲ್ಲ. ಅದರಲ್ಲಿ ಸುಳ್ಳು ಮಾತ್ರ ಕಾಣುತ್ತದೆ, ಸಂಕಟ ಕಾಣುವುದಿಲ್ಲ.

ಸಂಕಟ ಏನು ಎಂದು ನನಗೂ ಬಹಳ ತಡವಾಗಿ ಗೊತ್ತಾಯಿತು. ತಂಗಿಗೆ ಒಂಬತ್ತು ವರ್ಷ ಇದ್ದಾಗ ಟೈಫಾಯ್ಡ್ ಆಗಿ ತಿಂಗಳುಗಟ್ಟಲೆ ಮಲಗಿದ್ದಳು. ಮನೆ ತುಂಬ ಜನ, ತೋಟದ ಕೆಲಸ, ಕೊಟ್ಟಿಗೆ, ಮುದುಕಿಯ ಆರೈಕೆ. ಆಯಿಗೆ ಕೂತು ಊಟ ಮಾಡಲು ಪುರಸೊತ್ತು ಇರಲಿಲ್ಲ. "ಆಯಿ ಕೆಲಸ ಬಿಟ್ಟು ನನ್ನ ಹತ್ರ ಕೂತಿದ್ದು ಆ ಒಂದು ತಿಂಗಳು ಮಾತ್ರ ಅಣ್ಣಾ" ಎಂದಳು ಒಂದು ದಿನ, ಮನೋವೈದ್ಯರ ಕೋಣೆಯಲ್ಲಿ. ದೊಡ್ಡವಳಾದ ಮೇಲೆ ಅದೇ ಆಯಿ ಲಕ್ವಾ ಹೊಡೆದು ಮೂರು ವರ್ಷ ಹಾಸಿಗೆ ಹಿಡಿದಾಗ ಎತ್ತಿ ಇಳಿಸಿದವಳು ಇವಳೇ. ಬಂದವರೆಲ್ಲ ಆಯಿ ಹೇಗಿದ್ದಾರೆ ಎಂದು ಕೇಳುತ್ತಿದ್ದರು. ನೀನು ಹೇಗಿದ್ದೀ ಎಂದು ನಾನೂ ಕೇಳಿದ ನೆನಪಿಲ್ಲ. ಆಯಿ ಹೋದ ಮೇಲೆ ಬರುವವರೂ ನಿಂತರು. ಇದೇ ಕಾರಣ, ಇಷ್ಟೇ ಕಾರಣ ಎಂದು ನಾನು ಹೇಳುವುದಿಲ್ಲ. ಇದಕ್ಕಿಂತ ಜಾಸ್ತಿ ಕಷ್ಟ ಕಂಡವರು ಇನ್ಸುಲಿನ್ ಮುಟ್ಟದೆ ಬದುಕಿದ್ದಾರೆ. ಆದರೂ ಇದನ್ನು ಕೇಳದೆ ಅವಳ ಕಾಯಿಲೆ ಅರ್ಥವಾಗುವುದಿಲ್ಲ.

ಚಿಕಿತ್ಸೆ ಸಿಕ್ಕಿದ್ದು ಶಿರಸಿಯಲ್ಲಿ. ಒಬ್ಬರು ಫಿಸಿಷಿಯನ್, ಒಬ್ಬರು ಮನೋವೈದ್ಯರು. ಇಬ್ಬರೂ ಮೊದಲು ತಾವೇ ಮಾತಾಡಿಕೊಂಡರು. ಆಮೇಲೆ ಬಾಗಿಲು ಹಾಕಿದ ಕೋಣೆಯಲ್ಲಿ ಅವಳನ್ನು ಕೂರಿಸಿ, ಇಬ್ಬರೂ ಕೂತು, ಹೇಳಿದರು: "ಹೊರಗಿನಿಂದ ಇನ್ಸುಲಿನ್ ಹೋಗಿದೆ ಎಂದು ರಿಪೋರ್ಟ್ ಹೇಳುತ್ತಿದೆ. ಬೈಯಲಿಕ್ಕೆ ನಾವು ಕೂತಿಲ್ಲ. ಇಷ್ಟು ಅಪಾಯದ ಕೆಲಸ ಮಾಡುವಷ್ಟು ಸಂಕಟ ನಿಮಗಿದೆ. ಅದನ್ನು ನೋಡೋಣ. ನೀವು ಒಪ್ಪಿದರೂ ಒಪ್ಪದಿದ್ದರೂ ನಾವು ನಿಮ್ಮನ್ನು ಬಿಡುವುದಿಲ್ಲ." ಅವಳು ಅವತ್ತು ಒಪ್ಪಲಿಲ್ಲ. ಅವರೂ ಒಪ್ಪಿಸಲು ಹಟ ಹಿಡಿಯಲಿಲ್ಲ. ಒಪ್ಪಿದ್ದು ಐದು ತಿಂಗಳಾದ ಮೇಲೆ.

ಫಿಸಿಷಿಯನ್ ಹೇಳಿದ ಇನ್ನೊಂದು ಮಾತು ಎಲ್ಲವನ್ನೂ ಬದಲು ಮಾಡಿತು. "ಪ್ರತಿ ಬುಧವಾರ ಬನ್ನಿ. ಆರಾಮಿದ್ದರೂ ಬನ್ನಿ, ಇಲ್ಲದಿದ್ದರೂ ಬನ್ನಿ." ನೀವೇ ಯೋಚನೆ ಮಾಡಿ. ಅಲ್ಲಿಯವರೆಗೆ ಅವಳಿಗೆ ಒಬ್ಬರ ಗಮನ ಸಿಗಬೇಕಾದರೆ ಸಕ್ಕರೆ 40ಕ್ಕೆ ಇಳಿಯಬೇಕಿತ್ತು. ಈಗ ಏನೂ ಆಗದೆಯೂ ಒಬ್ಬ ಡಾಕ್ಟರು ಹತ್ತು ನಿಮಿಷ ಕೂತು ಮಾತಾಡುತ್ತಾರೆ, ಬಿ.ಪಿ. ನೋಡುತ್ತಾರೆ, ಅಪ್ಪ ಹೇಗಿದ್ದಾರೆ, ನೀವು ಮಲಗಿದಿರಾ ಎಂದು ಕೇಳುತ್ತಾರೆ. ಹೊಸ ಟೆಸ್ಟು, ಹೊಸ ಸ್ಪೆಷಲಿಸ್ಟು ಎಲ್ಲ ಆ ಒಬ್ಬರ ಮೂಲಕವೇ. ದೇವಿಮನೆ ಘಟ್ಟ ಹತ್ತಿ ಹೋಗುವುದು, ಶಿರಸಿಯಲ್ಲಿ ಚಾ ಕುಡಿದು ಬರುವುದು, ಒಂದು ವರ್ಷ ನಮ್ಮ ಬುಧವಾರ ಹೀಗೇ ಹೋಯಿತು. ಈ ಕಾಯಿಲೆಗೆ ಎಂದೇ ಮಾತ್ರೆ ಇಲ್ಲ. ಅವಳಿಗೆ ಖಿನ್ನತೆ ಇತ್ತು, ಅದಕ್ಕೆ ಮಾತ್ರೆ ಕೊಟ್ಟರು. ಉಳಿದದ್ದು ಮಾತಿನ ಚಿಕಿತ್ಸೆ. ಇನ್ಸುಲಿನ್ ಈಗ ನಮ್ಮ ಅಂಗಡಿಯ ಫ್ರಿಜ್ಜಿನಲ್ಲೇ ಇರುತ್ತದೆ, ಅಪ್ಪನಿಗೆ ಚುಚ್ಚುವುದು ನನ್ನ ಹೆಂಡತಿ.

ಪೂರ್ತಿ ಗುಣವಾಯಿತು ಎಂದು ಹೇಳುವುದಿಲ್ಲ. ಎರಡು ಸಲ ಮತ್ತೆ ಆಗಿದೆ. ಒಂದು ಸಲ 2022ರ ಜುಲೈಯಲ್ಲಿ. ಅದೇ ತಿಂಗಳು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಹತ್ತಿರದ ಶಿರೂರು ಟೋಲ್ ಗೇಟಿನಲ್ಲಿ ಪಲ್ಟಿಯಾಗಿ ನಾಲ್ಕು ಜನ ಹೋದರು, ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕು ಎಂದು ಇಡೀ ಉತ್ತರ ಕನ್ನಡ ಮತ್ತೆ ಕೂಗಿತು. ನೆಂಟರೊಬ್ಬರು ನನ್ನ ಎದುರೇ ಹೇಳಿದರು, ಆಸ್ಪತ್ರೆ ಇಲ್ಲದೆ ಜನ ಸಾಯುತ್ತಿದ್ದಾರೆ, ಇವಳಿಗೆ ಆಂಬುಲೆನ್ಸ್ ಆಟದ ಸಾಮಾನು ಎಂದು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ನನಗೂ ಆ ಸಿಟ್ಟು ಬಂದಿದೆ, ಅವಳ ಮೇಲೆ ಕೈ ಎತ್ತಿದ್ದೂ ಇದೆ, ಅದನ್ನು ನೆನೆದರೆ ಈಗಲೂ ನಿದ್ದೆ ಬರುವುದಿಲ್ಲ. ಆದರೆ ಲೆಕ್ಕಕ್ಕೇ ಬನ್ನಿ. ಚಿಕಿತ್ಸೆ ಸಿಗದ ಒಂದೂವರೆ ವರ್ಷದಲ್ಲಿ ಅವಳು ಐದು ಆಸ್ಪತ್ರೆಯ ಹಾಸಿಗೆ ಹಿಡಿದಳು. ಚಿಕಿತ್ಸೆ ಸಿಕ್ಕ ಮೇಲೆ ಇಷ್ಟು ವರ್ಷಕ್ಕೆ ಎರಡೇ ಸಲ. ಹಾಸಿಗೆ ಉಳಿಸಬೇಕು ಎನ್ನುವವರೂ ಈ ದಾರಿಯನ್ನೇ ಹಿಡಿಯಬೇಕು.

ಈಗ ನನ್ನ ಕೇಳಿಕೆಗೆ ಬರುತ್ತೇನೆ.

ಸಕ್ಕರೆ ಕಾಯಿಲೆ ಇಲ್ಲದವರು ಸಕ್ಕರೆ ಇಳಿದು ಕ್ಯಾಷುವಾಲಿಟಿಗೆ ಬಂದರೆ, ಗ್ಲೂಕೋಸ್ ಹಾಕಲು ಸೂಜಿ ಚುಚ್ಚುತ್ತೀರಲ್ಲ, ಆಗಲೇ ಒಂದು ಟ್ಯೂಬ್ ರಕ್ತ ತೆಗೆದಿಡಿ. ಗ್ಲೂಕೋಸ್ ತಡ ಮಾಡುವುದು ಬೇಡ. ಸಕ್ಕರೆ ಮೇಲೆ ಬಂದ ಮೇಲೆ ತೆಗೆದ ರಕ್ತ ಈ ಪ್ರಶ್ನೆಗೆ ಉತ್ತರ ಹೇಳುವುದಿಲ್ಲ. ಸಿ-ಪೆಪ್ಟೈಡ್ ಜಾಸ್ತಿ ಬಂದರೂ ಗಡ್ಡೆಯೇ ಎನ್ನಬೇಡಿ, ಗ್ಲಿಮೆಪಿರೈಡ್ ತರಹದ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದರೂ ಹಾಗೇ ಬರುತ್ತದೆ, ಅದಕ್ಕೆ ಬೇರೆ ಪರೀಕ್ಷೆ ಇದೆ. ನಮಗೆ ಒಂದೂವರೆ ವರ್ಷ ಹಿಡಿದದ್ದು ಮೊದಲ ರಾತ್ರಿಯೇ ಗೊತ್ತಾಗಬಹುದಿತ್ತು.

ಇದರ ಉಲ್ಟಾ ತಪ್ಪೂ ಆಗಬಾರದು. ರಿಪೋರ್ಟ್ ಎಲ್ಲ ನಾರ್ಮಲ್ ಬಂತು, ಹಾಗಾದರೆ ಇದು ಸೋಗು ಎಂದು ಬರೆದುಬಿಡುವುದು. ಪೊರ್ಫೈರಿಯಾ ಎಂಬ ಕಾಯಿಲೆಯಲ್ಲಿ ಹೊಟ್ಟೆನೋವಿಗೆ ರೋಗಿ ಹೊರಳಾಡುತ್ತಾನೆ, ಸ್ಕ್ಯಾನಿನಲ್ಲಿ ಏನೂ ಕಾಣುವುದಿಲ್ಲ. ಸೋಗು ಎನ್ನಲು ಸೋಗಿನ ಸಾಕ್ಷಿ ಬೇಕು. ಇನ್ನು ಕೆಲವು ಹುಡುಗಿಯರು ಪರೀಕ್ಷೆ ಹೊತ್ತಿಗೆ, ಮದುವೆ ಮಾತಿನ ಹೊತ್ತಿಗೆ ಮೂರ್ಛೆ ಹೋಗುತ್ತಾರೆ, ಕೈಕಾಲು ಅದುರುತ್ತದೆ, ಇಇಜಿ ಎಂಬ ಮಿದುಳಿನ ಪರೀಕ್ಷೆಯಲ್ಲಿ ಏನೂ ಇರುವುದಿಲ್ಲ. ಅದು ನಟನೆಯೂ ಅಲ್ಲ. ಅವರ ಕೈಯಲ್ಲಿ ಇಲ್ಲದ್ದು ಅದು, ಅದಕ್ಕೂ ಚಿಕಿತ್ಸೆ ಇದೆ. ಅವರ ಮೂಗಿಗೆ ಅಮೋನಿಯಾ ಹಿಡಿದು, ಎದೆ ಮೂಳೆ ಗಟ್ಟಿ ಒತ್ತಿ "ಎದ್ದಳು ನೋಡಿ" ಎನ್ನುವುದನ್ನು ದಯವಿಟ್ಟು ನಿಲ್ಲಿಸಿ.

ಮಕ್ಕಳ ವಿಷಯ ಬೇರೆಯೇ. ತಾಯಿಯೋ ನೋಡಿಕೊಳ್ಳುವವರೋ ಮಗುವಿಗೆ ಕಾಯಿಲೆ ತರಿಸಿ ಆಸ್ಪತ್ರೆಗೆ ಹೊತ್ತು ತರುವುದೂ ಇದೆ, 1977ರಲ್ಲೇ ರಾಯ್ ಮೆಡೋ ಎಂಬ ಮಕ್ಕಳ ಡಾಕ್ಟರು ಅದನ್ನು ಬರೆದರು. ಅಲ್ಲಿ ಮೊದಲು ಮಗುವಿನ ಜೀವ. ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಲು ಹಿಂದೆಮುಂದೆ ನೋಡಬಾರದು.

ಫೋಟೋ ಹಂಚುವುದರ ಬಗ್ಗೆ ಜಿಲ್ಲೆಯ ಎಲ್ಲ ಆಸ್ಪತ್ರೆಗೆ ಒಂದು ಸುತ್ತೋಲೆ ಕಳಿಸಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಇಂಥ ರೋಗಿಯ ವಿಷಯ ಗುಟ್ಟಾಗಿರಬೇಕು ಎನ್ನುತ್ತದೆ. ಹಾಗೆಂದು ಡಾಕ್ಟರು ಡಾಕ್ಟರಿಗೆ ಹೇಳಬಾರದು ಎಂದಲ್ಲ. ರೋಗಿಯ ಒಪ್ಪಿಗೆ ಪಡೆದು ಒಂದೇ ಫೈಲ್ ಮಾಡಬಹುದು, ಆಭಾ ಎಂಬ 14 ಅಂಕಿಯ ಆರೋಗ್ಯ ಸಂಖ್ಯೆ ಇರುವುದೇ ಅದಕ್ಕೆ. ನಮ್ಮ ಹಾಗೆ ಐದು ಊರು ಅಲೆಯುವ ಜಿಲ್ಲೆಗೆ ಇದು ಎಷ್ಟು ಮುಖ್ಯ ಎಂದು ನಾನು ನಿಮಗೆ ಹೇಳಬೇಕಾಗಿಲ್ಲ.

ಮತ್ತೆ, ಗೊತ್ತಾದ ದಿನವೇ ಮನೆಗೆ ಕಳಿಸಬೇಡಿ. ಸಿಕ್ಕಿಬಿದ್ದ ಆ ರಾತ್ರಿ ಇದ್ದಷ್ಟು ಅಪಾಯ ಬೇರೆ ಯಾವಾಗಲೂ ಇಲ್ಲ. ಅವಳು ಅವತ್ತು ಬಸ್ಸಿನಲ್ಲಿ ನನ್ನ ಪಕ್ಕ ಕೂತು ಶರಾವತಿ ಸೇತುವೆ ದಾಟುವಾಗ ಕಿಟಕಿಯಿಂದ ಹೊರಗೆ ನೋಡಿದ ರೀತಿ ನನಗೆ ಗೊತ್ತು, ಮನೆ ಮುಟ್ಟುವವರೆಗೆ ಅವಳ ಕೈ ಬಿಟ್ಟಿರಲಿಲ್ಲ ನಾನು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಇದೆ. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. 2022ರ ಅಕ್ಟೋಬರಿನಿಂದ ಟೆಲಿ ಮನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆ ಹಗಲು ರಾತ್ರಿ ನಡೆಯುತ್ತಿದೆ, ಕನ್ನಡದಲ್ಲೇ ಮಾತಾಡಬಹುದು, ರೋಗಿಯೇ ಮಾಡಬೇಕೆಂದಿಲ್ಲ, ನನ್ನಂಥ ಮನೆಯವರೂ ಮಾಡಬಹುದು. ಡಿಸ್ಚಾರ್ಜ್ ಕಾಗದದ ಜೊತೆ ಈ ಸಂಖ್ಯೆ ಬರೆದುಕೊಡಲು ಎಷ್ಟು ಹೊತ್ತು ಬೇಕು? ಕ್ಯಾಷುವಾಲಿಟಿ ಡಾಕ್ಟರು, ನರ್ಸು, 108ರ ಸಿಬ್ಬಂದಿ, ಇವರಿಗೆಲ್ಲ ಒಂದು ದಿನದ ತರಬೇತಿ ಇಡಿ. ಗುರುತಿಸುವುದು ಹೇಗೆ ಎನ್ನುವುದಕ್ಕೆ ಅರ್ಧ ದಿನ ಸಾಕು. ಗುರುತಿಸಿದ ಮೇಲೆ ಯಾವ ಕೋಣೆಯಲ್ಲಿ, ಯಾರು, ಯಾವ ಮಾತಿನಲ್ಲಿ ಹೇಳಬೇಕು ಎನ್ನುವುದಕ್ಕೆ ಉಳಿದ ಅರ್ಧ ದಿನ ಇರಲಿ.

ಇನ್ನೊಂದು ವಿಷಯ ಹೇಳದೆ ಮುಗಿಸಲಾಗುವುದಿಲ್ಲ. ಹೋದ ಮಳೆಗಾಲದಲ್ಲಿ ತಂಗಿಗೆ ನಿಜವಾಗಿಯೂ ಡೆಂಗಿ ಬಂತು. ಜ್ವರ 103. ಹತ್ತಿರದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹಳೆ ಕಾಗದ ನೋಡಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾಲ್ಕು ಗಂಟೆ ಬೆಂಚಿನ ಮೇಲೆ ಕೂರಿಸಿದರು. ಥರ್ಮಾಮೀಟರ್ ಇಟ್ಟು ನರ್ಸ್ ಎದುರೇ ನಿಂತಿದ್ದರು, ಬಿಸಿ ನೀರಿಗೆ ಅದ್ದುತ್ತಾಳೋ ಎಂದು ಕಾಯುವವರ ಹಾಗೆ. ರಕ್ತದ ರಿಪೋರ್ಟ್ ಬಂದು ಪ್ಲೇಟ್‌ಲೆಟ್ ನೋಡಿದ ಮೇಲೆ ಓಡಾಡಿದರು. ಅವಳು ಆ ನಾಲ್ಕು ಗಂಟೆ ಏನೂ ಕೇಳಲಿಲ್ಲ. ನೀರು ಬೇಕು ಎಂದೂ ಕೇಳಲಿಲ್ಲ. ಕೇಳಿದರೆ ನಾಟಕ ಎನ್ನುತ್ತಾರೆ ಎಂಬ ಹೆದರಿಕೆ. ಒಂದು ಕಾಲದಲ್ಲಿ ಇಲ್ಲದ ಕಾಯಿಲೆ ತೋರಿಸಲು ಜೀವ ಕೊಡುತ್ತಿದ್ದವಳು ಇರುವ ಕಾಯಿಲೆಯನ್ನು ಮುಚ್ಚಿಡುವಂತಾಗಿತ್ತು. ಫೈಲಿನಲ್ಲಿ ಎಫ್ 68.1 ಎಂದಿದ್ದರೂ ಜ್ವರ ಬಂದಾಗ ಜ್ವರ ನೋಡಿ ಎಂದು ಬೇಡಿಕೊಳ್ಳುತ್ತೇನೆ.

ಈ ವಿಷಯಕ್ಕೆ ನೀವು ಸಭೆ ಕರೆದರೆ ನಾನು ಕಾರವಾರಕ್ಕೆ ಬರುತ್ತೇನೆ. ತಂಗಿಯೂ ಬರುತ್ತಾಳಂತೆ, ಡಾಕ್ಟರುಗಳು ಮಾತ್ರ ಇದ್ದರೆ ಮಾತಾಡುತ್ತಾಳಂತೆ. ಯಾವ ದಿನವಾದರೂ ಆದೀತು, ತಿಂಗಳ ಮೊದಲ ಬುಧವಾರ ಒಂದು ಬಿಟ್ಟು. ಅವತ್ತು ನಮಗೆ ಶಿರಸಿಗೆ ಹೋಗುವುದಿದೆ.

ಇತಿ,
ಕುಮಟಾ ಕಡೆಯ ಒಬ್ಬ ಔಷಧಿ ಅಂಗಡಿಯವ